ಟಿ.ಬಿ. ಡ್ಯಾಂ ಕರೆಂಟಿನಲ್ಲಿ ನಮ್ಮ ರೈಲು ಯಾಕೆ ಓಡಬಾರದು?

ಹುಲಿಗಿ ಕ್ರಾಸ್

ಸ್ವಿಟ್ಜರ್ಲೆಂಡ್ ರೈಲ್ವೆಗೆ ಸ್ವಂತ ಡ್ಯಾಂಗಳೇ ಇವೆ. ಬೆಟ್ಟದ ಮೇಲೆ ನೀರು ಕಟ್ಟಿ, ಕೆಳಗೆ ಪವರ್‌ಹೌಸ್ ಇಟ್ಟು, ಆ ಕರೆಂಟನ್ನು ನೇರವಾಗಿ ರೈಲಿನ ತಂತಿಗೆ ಕೊಡುತ್ತಾರೆ. ಅಲ್ಲಿನ ರೈಲುಗಳಿಗೆ ಬೇಕಾದ ಕರೆಂಟಿನಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ನೀರಿನದೇ.

ನಮ್ಮ ತುಂಗಭದ್ರಾ (ಟಿ.ಬಿ.) ಡ್ಯಾಂ ಕಡೆ ನೋಡಿ. ಎಡದಂಡೆಯಲ್ಲಿ ಪವರ್‌ಹೌಸ್, ಬಲದಂಡೆಯಲ್ಲಿ ಪವರ್‌ಹೌಸ್, ಸ್ವಲ್ಪ ಕೆಳಗೆ ನದಿ ದಾಟುವ ರೈಲು ಸೇತುವೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ ಮಾರ್ಗಕ್ಕೆ ತಂತಿ ಬಂದಾಯಿತು. ಅದಿರಿನ ರೇಕ್‌ಗಳನ್ನೂ (ಗೂಡ್ಸ್ ಗಾಡಿಗಳನ್ನೂ) ಕರೆಂಟ್ ಇಂಜಿನ್ ಎಳೆಯುತ್ತದೆ. ಹಾಗಿದ್ದ ಮೇಲೆ ನಮ್ಮ ಡ್ಯಾಂ ಕರೆಂಟನ್ನು ನಮ್ಮ ರೈಲಿಗೇ ಕೊಟ್ಟರೆ ಆಗಲ್ವಾ? ಗೊತ್ತಿದ್ದವರು ಹೇಳಿ. ರಾಜಕೀಯ ಮಾತ್ರ ಬೇಡ.

ಬಳ್ಳಾರಿ ಬಿಸಿಲು

ಡ್ಯಾಂ ವಿಷಯ ಎತ್ತಿ ರಾಜಕೀಯ ಬೇಡ ಅಂದ್ರೆ ಹೇಗೆ ಅಣ್ಣಾ? ಮೂರು ರಾಜ್ಯ ಹಂಚಿಕೊಂಡ ನೀರು ಅದು.

ಟರ್ಬೈನ್ ಮೇಷ್ಟ್ರು

ಪವರ್‌ಹೌಸ್ ಕೆಲಸದಲ್ಲೇ ನನ್ನ ಸರ್ವೀಸ್ ಮುಗಿಯಿತು. ಮೊದಲು ಲೆಕ್ಕ ನೋಡೋಣ.

ಎಡದಂಡೆಯ ಮುನಿರಾಬಾದ್ ಪವರ್‌ಹೌಸ್ 28 ಮೆಗಾವ್ಯಾಟ್‌ನದು. 9, 9, 10 ಹೀಗೆ ಮೂರು ಯಂತ್ರ. ಅದು ಕೆಪಿಸಿಯದು, ಅಂದರೆ ಕರ್ನಾಟಕ ವಿದ್ಯುತ್ ನಿಗಮದ್ದು. ಬಲದಂಡೆಯಲ್ಲಿರುವುದು ರಾಜ್ಯಗಳಿಗೆ ನೀರು, ಕರೆಂಟು ಹಂಚುವ ತುಂಗಭದ್ರಾ ಮಂಡಳಿಯದು. ಡ್ಯಾಂ ಬುಡದಲ್ಲಿ 36 ಮೆಗಾವ್ಯಾಟ್. ಅದೇ ನೀರು ಪವರ್ ಕಾಲುವೆಯಲ್ಲಿ ಮುಂದೆ ಹೋಗಿ ಹಂಪಿ ಪವರ್‌ಹೌಸ್‌ನಲ್ಲಿ ಇನ್ನೊಮ್ಮೆ ಬಿದ್ದು ಮತ್ತೆ 36 ಕೊಡುತ್ತದೆ. ಎಲ್ಲ ಸೇರಿ 100. ಮಂಡಳಿಯ ಕರೆಂಟಿನಲ್ಲಿ ಐದಕ್ಕೆ ನಾಲ್ಕು ಪಾಲು ಆಂಧ್ರದ ಕಡೆಗೆ, ನಮಗೆ ಒಂದು.

ಈಗ ರೈಲಿನ ಕಡೆ. ಅದಿರಿನ ರೇಕ್ ಎಳೆಯುವ ಡಬ್ಲ್ಯೂಎಜಿ-9 ಇಂಜಿನ್ ಪೂರ್ತಿ ಜೋರಿನಲ್ಲಿ ಎಳೆದರೆ 4.5 ಮೆಗಾವ್ಯಾಟ್ ನುಂಗುತ್ತದೆ. ಅಂದರೆ ಎರಡೂ ದಂಡೆಯ ಎಲ್ಲ ಯಂತ್ರ ಒಟ್ಟಿಗೆ ತಿರುಗಿದರೆ ಸುಮಾರು 22 ಇಂಜಿನ್‌ಗಳನ್ನು ಒಂದೇ ಸಲ ಪೂರ್ತಿ ಜೋರಿನಲ್ಲಿ ಎಳೆಸಬಹುದು. ಯಾವ ರೈಲೂ ಇಡೀ ದಾರಿ ಪೂರ್ತಿ ಜೋರಿನಲ್ಲಿ ಹೋಗುವುದಿಲ್ಲ. ಹಾಗಾಗಿ ಕಾಗದದ ಮೇಲೆ ನಿಮ್ಮ ಮಾತು ಹುಚ್ಚು ಮಾತಲ್ಲ.

ತೊಡಕು ಇರುವುದು "ಎಲ್ಲ ಯಂತ್ರ ಒಟ್ಟಿಗೆ ತಿರುಗಿದರೆ" ಅನ್ನುವುದರಲ್ಲಿ. ಬೇಸಿಗೆಯಲ್ಲಿ ಬಂದು ನೋಡಿ.

ಕಾರಟಗಿ ಗದ್ದೆ

ಮೇಷ್ಟ್ರೇ, ಅದನ್ನೇ ಬಿಡಿಸಿ ಹೇಳಿ. ಇಲ್ಲಿ ಎಷ್ಟೋ ಜನ ಡ್ಯಾಂ ಕಟ್ಟಿದ್ದೇ ಕರೆಂಟಿಗೆ ಅಂದುಕೊಂಡಿದ್ದಾರೆ.

ಟರ್ಬೈನ್ ಮೇಷ್ಟ್ರು

ಹೇಳ್ತೀನಿ. ತುಂಗಭದ್ರಾದಲ್ಲಿ ಮೊದಲು ಬರುವುದು ಕಾಲುವೆ. ಕಾಲುವೆಗೆ ಬಿಡಬೇಕಾದ ನೀರನ್ನೇ ಟರ್ಬೈನ್ ಮೂಲಕ ಹಾಯಿಸಿ ಬಿಡುತ್ತೇವೆ. ಕರೆಂಟು ಅದರ ಜೊತೆಗೆ ಬರುವ ಲಾಭ. ಎಷ್ಟು ನೀರು, ಯಾವತ್ತಿನಿಂದ ಯಾವತ್ತಿನವರೆಗೆ ಅನ್ನುವುದನ್ನು ನೀರಾವರಿ ಸಲಹಾ ಸಮಿತಿ ಹೇಳುತ್ತದೆ. ಪವರ್‌ಹೌಸ್‌ನಲ್ಲಿ ಕೂತವನ ಮಾತು ಅಲ್ಲಿ ನಡೆಯುವುದಿಲ್ಲ. ಕಾಲುವೆ ನಿಂತರೆ ಯಂತ್ರವೂ ನಿಂತಿತು.

ಎರಡನೆಯದು ಎತ್ತರ. ಒಂದು ಸೆಕೆಂಡಿಗೆ ಒಂದು ಘನ ಮೀಟರ್ ನೀರು ಒಂದು ಮೀಟರ್ ಕೆಳಗೆ ಬಿದ್ದರೆ ಸಿಗುವುದು 9.8 ಕಿಲೋವ್ಯಾಟ್. ಅದರಲ್ಲಿ ಯಂತ್ರದ ನಷ್ಟ ಬೇರೆ. ಸ್ವಿಸ್ ರೈಲ್ವೆಯ ರಿಟೊಮ್ ಪವರ್‌ಹೌಸ್ 1920ರಲ್ಲಿ ಶುರುವಾಯಿತು, ಗಾಟ್‌ಹಾರ್ಡ್ ಘಟ್ಟದ ರೈಲಿಗಾಗಿ. ಅಲ್ಲಿ ಕೆರೆ ಇರುವುದು ಬೆಟ್ಟದ ತುದಿಯಲ್ಲಿ. ನೀರು 800 ಮೀಟರ್‌ಗೂ ಜಾಸ್ತಿ ಆಳಕ್ಕೆ ಪೈಪಿನಲ್ಲಿ ಬೀಳುತ್ತದೆ. ಸೆಕೆಂಡಿಗೆ 10 ಘನ ಮೀಟರ್ ಬಿಟ್ಟರೆ ಸಾಕು, ನಷ್ಟ ಕಳೆಯುವ ಮುಂಚೆ 78 ಮೆಗಾವ್ಯಾಟ್ ಬರುತ್ತದೆ.

ನಮ್ಮ ಡ್ಯಾಂ ಅತಿ ಎತ್ತರದಲ್ಲೂ 50 ಮೀಟರ್ ದಾಟುವುದಿಲ್ಲ. ಟರ್ಬೈನ್‌ಗೆ ಸಿಗುವ ಬೀಳು ಅದಕ್ಕಿಂತ ಕಡಿಮೆ, ಅದೂ ನೀರಿನ ಮಟ್ಟ ಇಳಿದ ಹಾಗೆ ಇಳಿಯುತ್ತದೆ. ಲೆಕ್ಕಕ್ಕೆ 20 ಮೀಟರ್ ಅಂತ ಇಟ್ಟುಕೊಳ್ಳಿ. ಅದೇ 78 ಮೆಗಾವ್ಯಾಟ್ ತೆಗೆಯಲು ಸೆಕೆಂಡಿಗೆ 400 ಘನ ಮೀಟರ್ ಬೇಕು. ನಮ್ಮ ಭಾಷೆಯಲ್ಲಿ 14,000 ಕ್ಯೂಸೆಕ್. ಎಡದಂಡೆ ಮುಖ್ಯ ಕಾಲುವೆಗೆ ಬಿಡುವುದೇ ಸುಮಾರು 4,000 ಕ್ಯೂಸೆಕ್.

ಅವರದು ಸ್ವಲ್ಪ ನೀರು, ಜಾಸ್ತಿ ಎತ್ತರ. ನಮ್ಮದು ಜಾಸ್ತಿ ನೀರು, ಸ್ವಲ್ಪ ಎತ್ತರ. ಆ ಜಾಸ್ತಿ ನೀರಿಗೆ ಲಕ್ಷಗಟ್ಟಲೆ ಎಕರೆಯ ಹಕ್ಕು ಬೇರೆ ಇದೆ.

ಕಾರಟಗಿ ಗದ್ದೆ

ಇದು ಮಾತು. ರೈಲು ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಕಡಿಮೆ ಅಂತ ಹೇಳಿ ಕಾಲುವೆಯಲ್ಲಿ ನೀರು ಏರಿಸಿ ಇಳಿಸಿ ಮಾಡಿದರೆ ಉಪಕಾಲುವೆಗೆ ಹತ್ತುವುದೇ ಇಲ್ಲ. ಗೇಜ್ (ಕಾಲುವೆಯ ನೀರಿನ ಮಟ್ಟ) ಒಂದೇ ಸಮ ನಿಂತರೆ ಮಾತ್ರ ಕೊನೆ ಭಾಗಕ್ಕೆ ನೀರು ಮುಟ್ಟುತ್ತದೆ. ಈಗಲೇ ವಾರಾಬಂದಿ (ಸರದಿ ಪ್ರಕಾರ ನೀರು ಬಿಡುವುದು) ಮಾಡಿಯೂ ಸಿಂಧನೂರು, ಮಾನ್ವಿ ಕಡೆಯವರು ಪ್ರತಿ ವರ್ಷ ರಸ್ತೆಗೆ ಇಳಿಯುತ್ತಾರೆ. ಮೇಲ್ಭಾಗದಲ್ಲಿ ನಾವು ಭತ್ತ ಹಾಕಿದ್ದಕ್ಕೇ ಅವರಿಗೆ ನೀರಿಲ್ಲ ಅಂತ ಬೈಸಿಕೊಳ್ಳುತ್ತೇವೆ. ಇನ್ನು ರೈಲೂ ಬಂದು ಪಾಲು ಕೇಳಿದರೆ ಮುಗೀತು.

ಸಿಂಧನೂರು ಕೊನೆ ಭಾಗ

ಬೈಯುವುದರಲ್ಲಿ ತಪ್ಪೇನಿದೆ ಅಣ್ಣಾ? ಲಘು ನೀರಾವರಿ ಬೆಳೆಗೆ ಅಂತ ಮಾಡಿದ ಕಾಲುವೆಯಲ್ಲಿ ಎರಡು ಬೆಳೆ ಭತ್ತ ತೆಗೆಯುವವರು ನೀವು. ಸರಿ, ಅದು ಬೇರೆ ಜಗಳ. ಇಲ್ಲಿ ಮುಂದುವರಿಸಲ್ಲ.

ಲೋಕೋ ಕ್ಯಾಬಿನ್

ನಾನು ಈ ಮಾರ್ಗದಲ್ಲೇ ಗಾಡಿ ಓಡಿಸುತ್ತೇನೆ. ಒಂದು ವಿಷಯ ಸೇರಿಸುತ್ತೇನೆ.

ರೈಲ್ವೆಗೆ ಇಂಥದ್ದೇ ಪವರ್‌ಹೌಸ್ ಅಂತ ಇಲ್ಲ. ಹಳಿ ಪಕ್ಕ ಐವತ್ತು ಕಿಲೋಮೀಟರ್ ಆಸುಪಾಸಿಗೆ ಒಂದರಂತೆ ಟ್ರಾಕ್ಷನ್ ಸಬ್‌ಸ್ಟೇಷನ್ ಇರುತ್ತದೆ. ಅದು ರಾಜ್ಯದ ದೊಡ್ಡ ಗ್ರಿಡ್‌ನ ಮೂರು ಫೇಸ್‌ನಲ್ಲಿ ಎರಡನ್ನು ತೆಗೆದುಕೊಂಡು 25,000 ವೋಲ್ಟ್ ಮಾಡಿ ತಲೆ ಮೇಲಿನ ತಂತಿಗೆ ಕೊಡುತ್ತದೆ. ಯಾವಾಗಲೂ ಅವೇ ಎರಡು ಫೇಸ್ ಎಳೆದರೆ ಗ್ರಿಡ್ ಒಂದು ಕಡೆ ವಾಲುತ್ತದೆ. ಅದಕ್ಕೆ ಒಂದು ಸಬ್‌ಸ್ಟೇಷನ್ ಒಂದು ಜೋಡಿ, ಪಕ್ಕದ್ದು ಇನ್ನೊಂದು ಜೋಡಿ ತೆಗೆದುಕೊಳ್ಳುತ್ತದೆ. ಎರಡರ ನಡುವೆ ಕರೆಂಟ್ ಇಲ್ಲದ ತುಂಡು ತಂತಿ ಇರುತ್ತದೆ, ನ್ಯೂಟ್ರಲ್ ಸೆಕ್ಷನ್ ಅಂತೀವಿ. ಅಲ್ಲಿಗೆ ಬಂದಾಗ ನಾವು ಇಂಜಿನ್‌ನ ಬ್ರೇಕರ್ ತೆರೆದು, ಅಂದರೆ ಕರೆಂಟ್ ಕಡಿದು, ಬಂದ ವೇಗದಲ್ಲೇ ಗಾಡಿಯನ್ನು ಉರುಳಿಸಿಕೊಂಡು ದಾಟುತ್ತೇವೆ.

ಮುನಿರಾಬಾದ್ ಯಂತ್ರದ ಕರೆಂಟೂ ಅದೇ ಗ್ರಿಡ್‌ಗೆ ಬೀಳುತ್ತದೆ. ಹಾಗೆ ನೋಡಿದರೆ ನಿಮ್ಮ ಡ್ಯಾಂ ಕರೆಂಟು ಈಗಲೂ ನಮ್ಮ ಇಂಜಿನ್‌ಗೆ ಬರುತ್ತಿದೆ. ಅದರ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ ಅಷ್ಟೆ.

ಹುಲಿಗಿ ಕ್ರಾಸ್

ಹಾಗಿದ್ರೆ ಸ್ವಿಸ್‌ನವರಿಗೆ ಸ್ವಂತ ಡ್ಯಾಂ ಯಾಕೆ ಬೇಕಿತ್ತು ಸರ್? ಅವರೂ ಗ್ರಿಡ್‌ನಿಂದ ತಗೋಬಹುದಿತ್ತು ಅಲ್ವಾ?

ಟರ್ಬೈನ್ ಮೇಷ್ಟ್ರು

ಒಳ್ಳೆ ಪ್ರಶ್ನೆ ತಮ್ಮಾ. ಮೊದಲ ಮಹಾಯುದ್ಧದಲ್ಲಿ ಅವರಿಗೆ ಹೊರಗಿನಿಂದ ಬರುವ ಕಲ್ಲಿದ್ದಲು ತೀರಾ ಕಡಿಮೆಯಾಯಿತು. ನೆಲದಲ್ಲಿ ಕಲ್ಲಿದ್ದಲಿಲ್ಲ, ಬೆಟ್ಟದಲ್ಲಿ ನೀರಿದೆ. ರೈಲನ್ನು ನೀರಿನ ಕರೆಂಟಿಗೆ ತಿರುಗಿಸಿದರು. ಗಾಟ್‌ಹಾರ್ಡ್ ಸುರಂಗದ ಒಂದು ಬದಿಗೆ ರಿಟೊಮ್, ಇನ್ನೊಂದು ಬದಿಗೆ ಆಮ್‌ಸ್ಟೆಗ್. ಆಮೇಲೆ ಬಾರ್ಬರೀನ್ ಡ್ಯಾಂ, 1937ರಲ್ಲಿ ಜಿಲ್‌ಸೇ ಜಲಾಶಯ.

ಆ ಕಾಲದ ರೈಲು ಮೋಟಾರಿಗೆ 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುವ) ಕರೆಂಟು ಒಗ್ಗುತ್ತಿರಲಿಲ್ಲ, ಕಿಡಿ ಹಾರುತ್ತಿತ್ತು. ಅದಕ್ಕೆ ಮೂರನೇ ಒಂದು ಭಾಗ, ಅಂದರೆ 16.7 ಹರ್ಟ್ಸ್ ಇಟ್ಟುಕೊಂಡರು. ಸ್ವಿಟ್ಜರ್ಲೆಂಡ್, ಜರ್ಮನಿ, ಆಸ್ಟ್ರಿಯಾ, ಸ್ವೀಡನ್, ನಾರ್ವೆ ಎಲ್ಲ ಕಡೆ ಅದೇ ಹಾದಿ. ಊರಿನ ಗ್ರಿಡ್ 50, ರೈಲಿಂದು 16.7. ನೇರ ಜೋಡಿಸಲು ಆಗುವುದಿಲ್ಲ. ಹಾಗಾಗಿ ರೈಲಿಗೆ ಬೇರೆ ಜನರೇಟರ್, ಬೇರೆ ಟವರ್ ಲೈನ್, ಬೇರೆ ಡ್ಯಾಂ. ಭಾರತ 1950ರ ದಶಕದ ಕೊನೆಗೆ 25 ಕೆವಿ (25,000 ವೋಲ್ಟ್), 50 ಹರ್ಟ್ಸ್ ಆರಿಸಿಕೊಂಡಿತು. ಆ ಹೊತ್ತಿಗೆ ಫ್ರಾನ್ಸ್‌ನವರು ಅದನ್ನು ಓಡಿಸಿ ತೋರಿಸಿದ್ದರು. ಅಲ್ಲಿಗೆ ನಮ್ಮ ರೈಲ್ವೆಗೆ ಸ್ವಂತ ಡ್ಯಾಂ ಬೇಕಾದ ಕಾರಣವೇ ಹೋಯಿತು.

ಬಳ್ಳಾರಿ ಬಿಸಿಲು

ಮುಂಬೈ ಕಥೆ ಬೇರೆ ಇದೆಯಲ್ಲ ಮೇಷ್ಟ್ರೇ? ಟಾಟಾದವರು ಲೋಣಾವಳದಲ್ಲಿ ಡ್ಯಾಂ ಕಟ್ಟಿ 1915ರಲ್ಲಿ ಖೋಪೋಲಿಯಿಂದ ಮುಂಬೈಗೆ ಕರೆಂಟ್ ತಂದರು.

ಟರ್ಬೈನ್ ಮೇಷ್ಟ್ರು

ಅದು ಮೊದಲು ಬಟ್ಟೆ ಮಿಲ್ಲುಗಳಿಗೆ ಬಂದ ಕರೆಂಟು. ರೈಲು ಆಮೇಲೆ. ಮುಂಬೈಯಲ್ಲಿ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು, 1,500 ವೋಲ್ಟ್ ಡಿಸಿಯಲ್ಲಿ. ನಮ್ಮ ಶಿವನಸಮುದ್ರದ್ದೂ ಹಾಗೇ. 1902ರಲ್ಲಿ ಕರೆಂಟ್ ಹೊರಟಿದ್ದು ಕೋಲಾರದ ಚಿನ್ನದ ಗಣಿಗೆ. ಮೊದಲ ಗಿರಾಕಿ ಯಾರು ಅನ್ನುವುದರ ಮೇಲೆ ಡ್ಯಾಂ ಸ್ವಭಾವ ನಿಲ್ಲುತ್ತದೆ. ನಮ್ಮಲ್ಲಿ ಮೊದಲ ಗಿರಾಕಿ ಗದ್ದೆ.

ಸಂಡೂರು ಗುಡ್ಡ

ಗಣಿ ಅಂದ ಕೂಡಲೇ ನೆನಪಾಯಿತು. ನಮ್ಮ ಕಡೆಗೆ ಹೊಂದುವ ಉದಾಹರಣೆ ಸ್ವಿಟ್ಜರ್ಲೆಂಡ್ ಅಲ್ಲ, ಸ್ವೀಡನ್. ಉತ್ತರ ತುದಿಯಲ್ಲಿ ಕಿರುನಾ ಅನ್ನುವ ಊರು, ನಮ್ಮ ಸಂಡೂರಿನ ಹಾಗೇ ಕಬ್ಬಿಣದ ಅದಿರಿನ ಬೆಟ್ಟ. ಅದಿರು ಸಾಗಿಸುವ ರೈಲಿಗಾಗಿಯೇ ಲೂಲೆ ನದಿಯ ಮೇಲೆ ಪೋರ್ಯುಸ್ ಪವರ್‌ಹೌಸ್ ಕಟ್ಟಿದರು. 1915ಕ್ಕೆ ಕರೆಂಟು, ಅದೇ ವರ್ಷ ಕಿರುನಾದಿಂದ ನಾರ್ವೆ ಗಡಿಯವರೆಗೆ ವಿದ್ಯುತ್ ರೈಲು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿ ನೀರು ಸಾಲದೆ ಬಂದಾಗ ಮೇಲೆ ಸುಓರ್ವಾದಲ್ಲಿ ಡ್ಯಾಂ ಕಟ್ಟಿ ನೀರು ನಿಲ್ಲಿಸಿಕೊಂಡರು. ಪೋರ್ಯುಸ್‌ಗೆ ರಸ್ತೆಯೂ ಇರಲಿಲ್ಲ. ಶುರುವಿನಲ್ಲಿ ಸಾಮಾನನ್ನು ಆಳುಗಳು ಬೆನ್ನ ಮೇಲೆ ಹೊತ್ತು ಕಾಡು ದಾಟಿದರು.

ಅದಿರು ತುಂಬಿದ ಗಾಡಿ ಅಲ್ಲಿ ಸಮುದ್ರದ ಕಡೆ ಇಳಿಯುತ್ತದೆ. ಇಳಿಯುವಾಗ ಇಂಜಿನ್ ಮೋಟಾರೇ ಜನರೇಟರ್ ಆಗಿ ತಂತಿಗೆ ಕರೆಂಟ್ ವಾಪಸ್ ಕೊಡುತ್ತದೆ. ಖಾಲಿ ಗಾಡಿ ಮೇಲೆ ಹತ್ತಲು ಅದೇ ಉಪಯೋಗಕ್ಕೆ ಬರುತ್ತದೆ.

ಲೋಕೋ ಕ್ಯಾಬಿನ್

ನಮ್ಮ ಡಬ್ಲ್ಯೂಎಜಿ-9 ಕೂಡ ಇಳಿಜಾರಿನಲ್ಲಿ ಕರೆಂಟ್ ವಾಪಸ್ ಕೊಡುತ್ತದೆ. ಆದರೆ ನಮ್ಮ ಹೊರೆ ಉಲ್ಟಾ. ಗೋವಾ ಬಂದರಿನಿಂದ ಉಕ್ಕಿನ ಕಾರ್ಖಾನೆಗೆ ಬರುವ ಕಲ್ಲಿದ್ದಲು ತುಂಬಿದ ಗಾಡಿ ಘಟ್ಟ ಹತ್ತಬೇಕು. ಕ್ಯಾಸಲ್‌ರಾಕ್ ಕಡೆ ಏರು 37ಕ್ಕೆ 1. ಇಳಿಯುವಾಗ ಎಷ್ಟೋ ಸಲ ಖಾಲಿ. ತುಂಬಿ ಹತ್ತಿ ಖಾಲಿ ಇಳಿದರೆ ವಾಪಸ್ ಬರುವುದು ಚಿಲ್ಲರೆ.

ರಾಯಚೂರು ಬೂದಿ

ನೀವೆಲ್ಲ ನೀರಿನ ಬಗ್ಗೆ ಮಾತಾಡ್ತಿದ್ದೀರಿ. ನಮ್ಮ ಶಕ್ತಿನಗರದ ಕಲ್ಲಿದ್ದಲು ಸ್ಥಾವರ ಮರೆತಿರಾ? 1,720 ಮೆಗಾವ್ಯಾಟ್. ಬಳ್ಳಾರಿ ಕುಡಿತಿನಿಯದು 1,700. ಅವೆರಡರ ಮುಂದೆ ಟಿ.ಬಿ. ಡ್ಯಾಂನ 100 ಯಾವ ಲೆಕ್ಕ? ತೆಲಂಗಾಣದ ಸಿಂಗರೇಣಿ ಗಣಿಯಿಂದ ಕಲ್ಲಿದ್ದಲನ್ನು ರೈಲು ತರುತ್ತದೆ, ಇಲ್ಲಿ ಸುಟ್ಟು ಕರೆಂಟು ಮಾಡುತ್ತಾರೆ, ಆ ಕರೆಂಟು ಗ್ರಿಡ್ ಸೇರಿ ಮತ್ತೆ ಕಲ್ಲಿದ್ದಲಿನ ರೈಲನ್ನು ಎಳೆಯುತ್ತದೆ. ಬೂದಿ ಮಾತ್ರ ನಮ್ಮ ಮನೆ ಮೇಲೆ.

ರೈಲ್ವೆ ತನಗೆ ಅಂತಲೇ ಕೇಂದ್ರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ಜೊತೆ ಸೇರಿ ಬಿಹಾರದ ನಬೀನಗರದಲ್ಲಿ 1,000 ಮೆಗಾವ್ಯಾಟ್ ಸ್ಥಾವರ ಕಟ್ಟಿಸಿಕೊಂಡಿದೆ. ಅದೂ ಕಲ್ಲಿದ್ದಲಿಂದೇ.

ಟೋಕಿಯೊದಿಂದ ಗಂಗಾವತಿ

ಮೇಷ್ಟ್ರೇ, ಹರ್ಟ್ಸ್ ಲೆಕ್ಕ ಸರಿ, ಆದರೆ ಅದೊಂದೇ ಕಾರಣ ಅನ್ನಲು ಆಗಲ್ಲ. ಟೋಕಿಯೊ ಗ್ರಿಡ್ 50 ಹರ್ಟ್ಸ್. ಆದರೂ ಇಲ್ಲಿ ಜೆಆರ್ ಈಸ್ಟ್ ರೈಲು ಕಂಪನಿಗೆ ಸ್ವಂತ ಜಲವಿದ್ಯುತ್ ಇದೆ. ಶಿನಾನೊ ನದಿಗೆ ಮಿಯಾನಾಕಾ ಅನ್ನುವ ಕಡೆ ಅಡ್ಡ ಕಟ್ಟಿದ್ದಾರೆ. ನೀರನ್ನು ಸುರಂಗದಲ್ಲಿ ಒಯ್ದು ಸೆಂಜು, ಓಜಿಯಾ, ಹೊಸ ಓಜಿಯಾ ಹೀಗೆ ಮೂರು ಪವರ್‌ಹೌಸ್‌ನಲ್ಲಿ ಬೀಳಿಸುತ್ತಾರೆ. ಒಟ್ಟು 449 ಮೆಗಾವ್ಯಾಟ್. 1939ರಲ್ಲಿ ಸರ್ಕಾರಿ ರೈಲ್ವೆ ಇದ್ದಾಗಲೇ ಶುರುವಾದದ್ದು. ದಾರಿಯಲ್ಲಿ ನೀರು ಹಿಡಿದಿಡುವ ಜಲಾಶಯಗಳಿವೆ. ರಾತ್ರಿ ತುಂಬಿಸಿಕೊಂಡು, ಬೆಳಿಗ್ಗೆ ಸಂಜೆ ಜನ ಕಿಕ್ಕಿರಿಯುವ ಹೊತ್ತಿಗೆ ಬಿಡುತ್ತಾರೆ. ಟೋಕಿಯೊದಲ್ಲಿ ಆಫೀಸ್ ಬಿಡುವ ಟೈಮು ನೋಡಿ ದೂರದ ಹಳ್ಳಿಯಲ್ಲಿ ನೀರು ಬೀಳುತ್ತದೆ.

ಕಾರಟಗಿ ಅಣ್ಣ ಕೇಳಬೇಕಾದ ಕಥೆ ಈಗ ಬರುತ್ತದೆ. ಡ್ಯಾಂ ಕೆಳಗಿನ ನದಿ ವರ್ಷಗಟ್ಟಲೆ ಒಣಗಿ ಕಲ್ಲು ಕಾಣುತ್ತಿತ್ತು. ಮೀನು ಮೇಲೆ ಹತ್ತುತ್ತಿರಲಿಲ್ಲ. 2008ರಲ್ಲಿ ಗೊತ್ತಾಯಿತು, ಕಂಪನಿ ಒಪ್ಪಿಗೆಗಿಂತ ಜಾಸ್ತಿ ನೀರು ಎತ್ತುತ್ತಿತ್ತು. ಮಿತಿ ದಾಟಿದ್ದು ದಾಖಲೆಯಲ್ಲಿ ಕಾಣದ ಹಾಗೆ ಅಳತೆ ಯಂತ್ರವನ್ನೇ ಹೊಂದಿಸಿದ್ದರು. 2009ರ ಮಾರ್ಚ್‌ನಲ್ಲಿ ಸರ್ಕಾರ ನೀರಿನ ಹಕ್ಕನ್ನೇ ರದ್ದು ಮಾಡಿತು. ಪವರ್‌ಹೌಸ್ ನಿಂತವು. ಕಂಪನಿ ಕ್ಷಮೆ ಕೇಳಿ, ನದಿಗೆ ಜಾಸ್ತಿ ನೀರು ಬಿಡಲು ಒಪ್ಪಿದ ಮೇಲೆ 2010ರ ಜೂನ್‌ನಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು.

ಕಾರಟಗಿ ಗದ್ದೆ

ಹಕ್ಕು ರದ್ದು ಮಾಡಿದರಾ? ರೈಲಿನವರದ್ದು? ಇಲ್ಲಿ ಕಾಲುವೆಗೆ ಅಕ್ರಮ ಪೈಪ್ ಹಾಕಿದವರ ಪೈಪ್ ತೆಗೆಸಲು ಪೊಲೀಸ್ ಬಂದೋಬಸ್ತ್ ಬೇಕು.

ಟರ್ಬೈನ್ ಮೇಷ್ಟ್ರು

ಗಂಗಾವತಿಯವರು ಹೇಳಿದ್ದು ಸರಿ. ಜಪಾನ್‌ನವರದು ಸ್ವಂತ ಕೈಯಲ್ಲಿ ಕರೆಂಟ್ ಇರಲಿ ಅನ್ನುವ ಲೆಕ್ಕ. ಆದರೆ ಸ್ವಂತದ್ದು ಅಂದರೆ ಭದ್ರ ಅಂತಲೂ ಅಲ್ಲ. 2005ರ ಜೂನ್ 22ರಂದು ಸ್ವಿಸ್ ರೈಲ್ವೆಯ ಕರೆಂಟ್ ಜಾಲ ಪೂರ್ತಿ ಬಿದ್ದುಹೋಯಿತು. ಪವರ್‌ಹೌಸ್‌ಗಳಲ್ಲಿ ಕರೆಂಟ್ ಇತ್ತು, ಅದನ್ನು ಹೊರಗೆ ಒಯ್ಯುವ ರೈಲ್ವೆಯ ಲೈನ್‌ಗಳು ಕೈಕೊಟ್ಟವು. ಇಡೀ ದೇಶದ ರೈಲು ಸಂಜೆ ಹೊತ್ತಿಗೆ ನಿಂತವು. ಊರಿನ ಮನೆಗಳಲ್ಲಿ ದೀಪ ಉರಿಯುತ್ತಿತ್ತು, ರೈಲಿಗೆ ಮಾತ್ರ ಕರೆಂಟಿಲ್ಲ.

ಹುಲಿಗಿ ಕ್ರಾಸ್

ಹಾಗಾದರೆ ಗ್ರಿಡ್‌ನಿಂದಲೇ ಇರಲಿ. ರೈಲ್ವೆ ಲೆಕ್ಕದಲ್ಲಿ ಮಾತ್ರ ಮುನಿರಾಬಾದ್ ಕರೆಂಟ್ ಕೊಳ್ಳಬಹುದಾ?

ಟರ್ಬೈನ್ ಮೇಷ್ಟ್ರು

 ರೈಲ್ವೆ ಎಸ್ಕಾಂ (ಊರಿಗೆ ಕರೆಂಟ್ ಹಂಚುವ ಕಂಪನಿ) ಮೂಲಕವೇ ಹೋಗಬೇಕು ಅಂತಿಲ್ಲ, ಬೇರೆ ಕಡೆಯಿಂದಲೂ ಕರೆಂಟ್ ಕೊಳ್ಳಬಹುದು. ಆದರೆ ನನ್ನನ್ನು ಕೇಳಿದರೆ ಮುನಿರಾಬಾದ್‌ನದು ಕೊಡಬಾರದು. ಹಳೆಯ ಪವರ್‌ಹೌಸ್, ಬಂಡವಾಳ ಎಂದೋ ತೀರಿದೆ, ಯೂನಿಟ್ ಅಗ್ಗ. ಆ ಅಗ್ಗದ ಕರೆಂಟ್ ರೈಲಿಗೆ ಕೊಟ್ಟು, ನಮ್ಮ ಪಂಪ್‌ಸೆಟ್‌ಗೆ ಹೊರಗಿನ ದುಬಾರಿ ಕರೆಂಟ್ ತರಬೇಕಾ? ಡ್ಯಾಂಗಾಗಿ ಸುಮಾರು 90 ಹಳ್ಳಿ ಮುಳುಗಿದವು. ನಾರಾಯಣದೇವರಕೆರೆಯಂಥ ದೊಡ್ಡ ಊರೇ ಹೋಯಿತು, ಜನ ಮರಿಯಮ್ಮನಹಳ್ಳಿಗೆ ಬಂದರು. ಅವರಿಗೆ ಹೇಳಿದ್ದು ಹೊಲಕ್ಕೆ ನೀರು ಅಂತ.

ಸಂಡೂರು ಗುಡ್ಡ

ಭಾವನೆ ಬೇರೆ, ಲೆಕ್ಕ ಬೇರೆ ಮೇಷ್ಟ್ರೇ. ಮಳೆಗಾಲದಲ್ಲಿ ಗೇಟ್ ತೆಗೆದು ನದಿಗೆ ಬಿಡುವ ನೀರಿನಿಂದ ಒಂದು ಯೂನಿಟ್ ಕರೆಂಟೂ ಬರುವುದಿಲ್ಲ. ಲಕ್ಷ ಕ್ಯೂಸೆಕ್ ಹೋಗುವುದನ್ನು ಜನ ಸೆಲ್ಫಿ ತೆಗೆದುಕೊಂಡು ನೋಡುತ್ತಾರೆ. ಅದಕ್ಕಾದರೂ ಇನ್ನೊಂದು ಪವರ್‌ಹೌಸ್ ಹಾಕಬಹುದಿತ್ತು.

ಟರ್ಬೈನ್ ಮೇಷ್ಟ್ರು

ವರ್ಷದಲ್ಲಿ ಕೆಲವೇ ವಾರ ತಿರುಗುವ ಯಂತ್ರಕ್ಕೆ ಯಾರು ದುಡ್ಡು ಹಾಕುತ್ತಾರೆ? ಪ್ರವಾಹ ಬಂದಾಗ ಕೆಳಗಿನ ನದಿಯ ಮಟ್ಟವೂ ಏರುತ್ತದೆ. ಬೀಳು ಇನ್ನೂ ಕಡಿಮೆಯಾಗುತ್ತದೆ. ಆ ನೀರನ್ನು ಹಿಡಿದಿಟ್ಟುಕೊಂಡರೆ ಮಾತ್ರ ಉಪಯೋಗ. ಹಿಡಿಯಲು ಜಾಗ ಎಲ್ಲಿ? ಕಟ್ಟಿದಾಗ 133 ಟಿಎಂಸಿ ಇತ್ತು. ಹೂಳು ತುಂಬಿ ಈಗ 105.78. ಕನಕಗಿರಿ ಪಕ್ಕ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಮಾತು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. ಆಂಧ್ರ, ತೆಲಂಗಾಣ ಒಪ್ಪಬೇಕು.

ಬಳ್ಳಾರಿ ಬಿಸಿಲು

ನಾನು ಮೊದಲೇ ಹೇಳಿದ್ನಲ್ಲ, ರಾಜಕೀಯ ಬಿಟ್ಟು ಈ ಡ್ಯಾಂ ಇಲ್ಲ ಅಂತ.

ಲೋಕೋ ಕ್ಯಾಬಿನ್

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದ ಮೇಲೆ ನನಗಂತೂ ಪವರ್‌ಹೌಸ್ ಮಾತೇ ಎರಡನೆಯದು ಅನ್ನಿಸುತ್ತದೆ. ಒಂದು ವಾರ ಆ ಒಂದು ಕಿಂಡಿಯಿಂದ ನೀರು ಹೋಗಿದ್ದನ್ನು ಎಲ್ಲರೂ ನೋಡಿದ್ದೇವೆ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ಕಿಂಡಿ ಮುಚ್ಚುವ ಉಕ್ಕಿನ ತಡೆ) ಇಳಿಸದೇ ಇದ್ದಿದ್ದರೆ ಆ ವರ್ಷದ ಬೆಳೆಯೇ ಇರುತ್ತಿರಲಿಲ್ಲ.

ಸಿಂಧನೂರು ಕೊನೆ ಭಾಗ

ಮರುವರ್ಷ ಗೇಟ್ ಭಯಕ್ಕೆ 80 ಟಿಎಂಸಿಗೇ ನಿಲ್ಲಿಸಿದರು. ಆಮೇಲೆ 33 ಗೇಟ್ ಬದಲಿಸಬೇಕು ಅಂತ ಎರಡನೇ ಬೆಳೆಗೆ ನೀರಿಲ್ಲ ಅಂದರು. ಒಂದು ಚೈನಿಗೆ ಕೊಟ್ಟ ಬೆಲೆ ಇದು. ಕಾಲುವೆಯಲ್ಲಿ ನೀರಿಲ್ಲ ಅಂದರೆ ಮುನಿರಾಬಾದ್‌ನಲ್ಲಿ ಯಂತ್ರಕ್ಕೆ ಏನು ಕೆಲಸ? ರೈಲು ಆ ಕರೆಂಟ್ ನಂಬಿ ಕೂತಿದ್ದರೆ ಅದೂ ನಮ್ಮ ಜೊತೆ ಕೂತಿರುತ್ತಿತ್ತು.

ಹುಲಿಗಿ ಕ್ರಾಸ್

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಶಿನಾನೊ ಬಗ್ಗೆ ಇನ್ನೊಂದು ಪ್ರಶ್ನೆ: ಅಲ್ಲಿ ರೈಲು ಕಂಪನಿ ಈಗ ನದಿಗೆ ಬಿಡುವ ನೀರನ್ನು ಯಾರು ಅಳೆಯುತ್ತಾರೆ?

ಟೋಕಿಯೊದಿಂದ ಗಂಗಾವತಿ

ಸರ್ಕಾರದ ಕಣ್ಣು ಮೇಲಿದೆ, ಅಲ್ಲಿನ ಊರಿನವರೂ ಬಿಡುವುದಿಲ್ಲ. ಮೀನು ಹತ್ತುವ ಮೆಟ್ಟಿಲನ್ನೂ ಸರಿ ಮಾಡಿಸಿಕೊಂಡರು. ಸಾಲ್ಮನ್ ಮೀನು ಎಷ್ಟು ಬಂತು ಅಂತ ಅಲ್ಲಿ ಎಣಿಸುತ್ತಾರೆ.

ಕಾರಟಗಿ ಗದ್ದೆ

ಮೀನು ಎಣಿಸಲಿ, ಒಳ್ಳೆಯದೇ. ಇಲ್ಲಿ ಯಾರಿಗಾದರೂ ಗೇಟ್ ಕೆಲಸ ಎಲ್ಲಿಗೆ ಬಂತು ಗೊತ್ತಿದ್ದರೆ ಹೇಳಿ. ಡ್ಯಾಂ ಕಡೆ ಹೋದವರು ಫೋಟೋ ಹಾಕಿ. ಸಸಿಮಡಿ ಯಾವಾಗ ಹಾಕಬೇಕು ಅನ್ನುವುದು ಅದರ ಮೇಲಿದೆ, ಬೀಜದ ಅಂಗಡಿಯವರು ಬೇರೆ ದಿನಾ ಫೋನ್ ಮಾಡ್ತಿದ್ದಾರೆ.